ಅಕ್ಕ ಎದ್ದುಹೋದ ಕುರ್ಚಿ

ನಿನ್ನೆ ಯಾರೋ ಕೊಟ್ಟುಹೋದ ಲಗ್ನಪತ್ರಿಕೆಯ ಮೂಲೆಗೆ ಹಸಿ ಅರಿಶಿನ ಹಚ್ಚಿದ್ದರು. ಆ ವಾಸನೆಗೆ ಸಂಡೂರಿನ ಅಕ್ಕ ನೆನಪಾದಳು... ಒಡಹುಟ್ಟಿದವಳಲ್ಲ. ಮದರಾಸಿನ ಕಾಲೇಜು ಹಾಸ್ಟೆಲಿನಲ್ಲಿ ನನಗಿಂತ ಎರಡು ವರ್ಷ ಹಿರಿಯಳು. ತಮಿಳು, ತೆಲುಗಿನ ಹುಡುಗಿಯರ ನಡುವೆ ನಮ್ಮ ಸೀಮೆಯವರು ನಾಲ್ಕೈದು ಮಂದಿ. ನಮ್ಮನ್ನೆಲ್ಲ ರೆಕ್ಕೆಯಡಿ ಇಟ್ಟುಕೊಂಡು ಕಾಯ್ದವಳು ಅವಳೇ.

ಆಗ ಲಗ್ನವಾದ ಟೀಚರು ಕೆಲಸ ಬಿಡಬೇಕಿತ್ತು. ಹಾಗಾಗಿ ನಮ್ಮ ಹಾಸ್ಟೆಲಿನವರಲ್ಲಿ ಒಂದು ಪದ್ಧತಿ ಬೆಳೆದಿತ್ತು. ಲಗ್ನ ಗೊತ್ತಾದವಳು ಹಾಸ್ಟೆಲಿನ ಇನ್ನೊಬ್ಬಳ ಹೆಸರನ್ನು ಹೆಡ್‌ಮಿಸ್ಟ್ರೆಸ್ ಕಿವಿಗೆ ಹಾಕಿ, ಅವಳನ್ನು ಕರೆತಂದು, ತನ್ನ ಜಾಗದಲ್ಲಿ ಕೂರಿಸಿ ಹೋಗುವುದು. ಒಬ್ಬಳ ಲಗ್ನಪತ್ರಿಕೆ ಬಂತೆಂದರೆ ಇನ್ನೊಬ್ಬಳಿಗೆ ನೌಕರಿ ಬಂತೆಂದೇ ಲೆಕ್ಕ. ಅಕ್ಷತೆಗಿಂತ ಮೊದಲು ಅರ್ಜಿ ಹಿಡಿದು ಓಡುವ ಪೈಕಿ ನಾವು!

ಬಿ.ಎ. ಮುಗಿಸಿ ನಾನು ಕಂಪ್ಲಿಯ ಮನೆಯಲ್ಲಿ ಕೂತಿದ್ದೆ. ನೌಕರಿ ಸಿಗದಿದ್ದರೆ ಅಣ್ಣ ತೋರಿಸಿದ ಗಂಡಿಗೆ ಕೊರಳೊಡ್ಡಬೇಕು, ಅಷ್ಟೇ. ಅಕ್ಕ ಹೊಸಪೇಟೆಯ ಹುಡುಗಿಯರ ಶಾಲೆಯಲ್ಲಿ ಟೀಚರಾಗಿದ್ದಳು. ಅವಳ ಲಗ್ನಪತ್ರಿಕೆ ಕೈಗೆ ಬಂದಾಗ ನಾನು ಮನೆಯೆಲ್ಲ ಕುಣಿದಾಡಿದೆ.

ಶಾಲೆಯಲ್ಲಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಅಕ್ಕ ನಕ್ಕಳು. "ಲಗ್ನ ನಂದು, ಸಂಭ್ರಮ ನಿಂದು ನೋಡವ್ವಾ." ಆಮೇಲೆ ಮಕ್ಕಳಿಗೆ ಕೇಳದಂತೆ ಹೇಳಿದಳು: "ಇನ್ನೊಂದ್ ವರ್ಷ ಇರ್ತೀನಿ ಅಂತ ಅಪ್ಪನ ಹತ್ರ ಭಾಳ ಬೇಡ್ಕೊಂಡೆ. ಕೇಳ್ಲಿಲ್ಲ. ನೀ ಮಾತ್ರ ಜಲ್ದಿ ಎದ್ದು ಹೋಗಬ್ಯಾಡ."

ನಾನು ಎದ್ದು ಹೋಗಲಿಲ್ಲ. ಅಣ್ಣ ಮಾತು ಬಿಟ್ಟ. ಹಾಸ್ಟೆಲಿನ ಕಿರಿಯರು "ಅಕ್ಕಾ, ನಿಮ್ ಲಗ್ನ ಯಾವಾಗ್ರಿ?" ಎಂದು ಆಸೆಯಿಂದ ಕೇಳಿ ಕೇಳಿ ಸುಸ್ತಾದರು.

ಕೆಲವು ವರ್ಷಗಳ ನಂತರ, ಗಂಡನೊಂದಿಗೆ ಹಂಪಿಗೆ ಹೊರಟಿದ್ದ ಅಕ್ಕ ಮಗುವನ್ನು ಎತ್ತಿಕೊಂಡು ನನ್ನ ತರಗತಿಯ ಬಾಗಿಲಿಗೆ ಬಂದಳು. "ಒಂದ್ ಪಾಠ ಹೇಳ್ಲೇನು?" ಎಂದಳು. ಮಗುವನ್ನು ನಾನು ತೆಗೆದುಕೊಂಡೆ. ಅವಳು ಬೋರ್ಡಿನ ಮೇಲೆ ತುಂಗಭದ್ರೆಯನ್ನು ಬರೆಯುತ್ತ, ಹಂಪಿ ಎಲ್ಲಿ, ಕಂಪ್ಲಿ ಎಲ್ಲಿ ಎಂದು ಮಕ್ಕಳನ್ನು ಕೇಳತೊಡಗಿದಳು. ಎಂಥ ದನಿ ಅದು... ಹೊಳೆ ಇನ್ನೂ ಕೃಷ್ಣೆಯನ್ನು ಸೇರಿರಲಿಲ್ಲ, ಹೊರಗೆ ಜಟಕಾದಿಂದ ಗಂಡ ಕರೆದ. ಸೀಮೆಸುಣ್ಣವನ್ನು ನನ್ನ ಕೈಗಿಟ್ಟು, ಮಗುವನ್ನು ತೆಗೆದುಕೊಂಡು ಹೋದಳು. ಎರಡನೇ ಹೆರಿಗೆಯಲ್ಲಿ ತೀರಿಕೊಂಡಳೆಂಬ ಸುದ್ದಿ ಮುಂದಿನ ವರ್ಷ ಬಂತು.

ಈಗ ನನಗೂ ನಿವೃತ್ತಿಯಾಗಿದೆ. ಅದೇ ಶಾಲೆಗೆ ಇಂದು ತಾಳಿ ಕಟ್ಟಿಸಿಕೊಂಡವರು, ಮಕ್ಕಳೊಂದಿಗರು ಪಾಠ ಹೇಳಲು ಬರುತ್ತಾರೆ. ನೋಡಿದರೆ ಸಂತೋಷವಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ. "ಅಕ್ಕಾ, ಈಗ ಲಗ್ನ ಆದ್ರೂ ಎದ್ದು ಹೋಗೋದು ಬ್ಯಾಡಂತ" ಎಂದು ಹೇಳೋಣವೆಂದರೆ, ಕೇಳಬೇಕಾದವಳೇ ಇಲ್ಲ.