ದೊಡ್ಡವ್ವ ನಿದ್ದೆ ಹೋದಳೆಂದು ಡಾಬಕಾಕ್ಕೆ

ಬೀದರಿನ ಚಿದ್ರಿಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಜೋಳದ ಹಿಟ್ಟು ನಾದುತ್ತಿದ್ದಾಗ ಫೋನು ಬಂತು. ಮಾತಾಡಿದವಳು ಕಾಶಿಬಾಯಿ, ಔರಾದ ತಾಲ್ಲೂಕಿನ ಡಾಬಕಾದಲ್ಲಿ ನಮ್ಮ ದೊಡ್ಡವ್ವನ ಪಕ್ಕದ ಮನೆಯಾಕೆ, ಕುರಿ ಸಾಕುವವಳು. "ಅಕ್ಕಾ, ನಿಮ್ಮ ದೊಡ್ಡವ್ವ ನಿದ್ದಿ ಹೋದ್ಳ್ರಿ. ಇನ್ನ ಚಿಂತಿ ಇಲ್ಲ," ಎಂದಳು. ಅಷ್ಟರಲ್ಲಿ ಲೈನು ಕಡಿಯಿತು. ತಿರುಗಿ ಹಚ್ಚಿದರೆ ಹತ್ತಲಿಲ್ಲ.

ಹಿಟ್ಟಿನ ಕೈಯಲ್ಲೇ ಕುಸಿದು ಕೂತೆ. ನಮ್ಮ ಕ್ರೈಸ್ತ ಮನೆತನದಲ್ಲಿ ಸತ್ತರು ಎನ್ನುವುದಿಲ್ಲ, ನಿದ್ದೆ ಹೋದರು ಎನ್ನುತ್ತೇವೆ. ಆ ಮಾತು ಕಲಿಸಿದವಳೇ ದೊಡ್ಡವ್ವ. ನಮ್ಮವ್ವ ತೀರಿದಾಗ ನಾನು "ಅವ್ವ ಸತ್ಳು" ಎಂದು ಅತ್ತದ್ದಕ್ಕೆ ತೊಡೆ ಚಿವುಟಿ, "ನಿದ್ದಿ ಹೋಗ್ಯಾಳ ಅನ್ನು" ಎಂದಿದ್ದಳು. ನನ್ನನ್ನೂ ತಂಗಿ ಮಾರ್ಥಾಳನ್ನೂ ಬೆಳೆಸಿದವಳು ಅವಳೇ. ಅವಳ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದ ಮೇಲೂ, ಕ್ರಿಸ್ಮಸ್ಸಿಗೆ ಬರ್ತೇನಿ ಎಂದು ಮಾತು ಕೊಟ್ಟು ನಾನು ಹೋಗಿರಲಿಲ್ಲ. ತಪ್ಪಾಯಿತು ಎಂದು ಇನ್ನು ಯಾರ ಮುಂದೆ ಹೇಳುವುದು?

ಔರಾದಕ್ಕೆ ನೇರ ಬಸ್ಸಿದೆ. ಆದರೂ ಭಾಲ್ಕಿಯಲ್ಲಿರುವ ಮಾರ್ಥಾಳಿಗೆ ಫೋನು ಮಾಡಿ, ಅವಳನ್ನು ಕರೆದುಕೊಳ್ಳಲು ಅಲ್ಲಿನ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೀಟಿಗೆ ದುಡ್ಡಿಲ್ಲ, ಕಿಟಕಿಯ ಸೀಟೂ ಸಿಕ್ಕಿತು. ದೇವರಿಗೆ ಸ್ತೋತ್ರ ಎಂದುಕೊಂಡೆ, ಆದರೂ ಕಣ್ಣೀರು ನಿಲ್ಲಲಿಲ್ಲ.

"ಅಕ್ಕೋರೆ, ಪುಕ್ಕಟಿ ಟಿಕೀಟ ಕೊಟ್ರೂ ಅಳ್ತೀರಲ್ರಿ," ಎಂದ ಕಂಡಕ್ಟರು.

"ನಮ್ಮ ದೊಡ್ಡವ್ವ ನಿದ್ದಿ ಹೋಗ್ಯಾಳಪ್ಪಾ."

"ನಿದ್ದಿ ಹೋದ್ರ ಅಳ್ತಾರೇನ್ರಿ? ನಮ್ಮ ಮುದುಕಿಗಿ ನಿದ್ದಿನೇ ಬರಂಗಿಲ್ಲ, ಅದಕ್ಕ ನಾವ ಅಳ್ತೇವಿ!"

ತಿಳಿಯದ ಮನುಷ್ಯ ಎಂದು ಮುಖ ತಿರುಗಿಸಿದೆ.

ಮಾರ್ಥಾ ಭಾಲ್ಕಿ ನಿಲ್ದಾಣದಲ್ಲಿ ಕಾಯುತ್ತಿದ್ದಳು. ದೊಡ್ಡವ್ವನಿಗೆ ಉಡಿಸಲು ಬಿಳಿ ಸೀರೆ ತಂದಿದ್ದಳು. ಔರಾದ ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಚಹಾ ಕುಡಿದು, ತಲೆಗೆ ಮೂವತ್ತು ರೂಪಾಯಿ ಕೊಟ್ಟು ಡಾಬಕಾದ ಆಟೋ ಹತ್ತಿದೆವು. ಎರಡೂ ಕಡೆ ತೊಗರಿ ಹೊಲ.

ದೊಡ್ಡವ್ವನ ಮನೆಯ ಅಂಗಳದಲ್ಲಿ ಜನವಿರಲಿಲ್ಲ. ಮಣ್ಣು ಮಾಡಿಬಿಟ್ಟರೇ ಎಂದು ಹೆದರಿ ಓಡಿದೆ. ಬಾಗಿಲು ದೂಡಿದೆ. ದೊಡ್ಡವ್ವ ಹೊರಸಿನ ಮೇಲೆ ಕೂತು ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದಳು.

ಮಾರ್ಥಾಳ ಕೈಯಿಂದ ಸೀರೆ ಜಾರಿತು. ನಾನು ಕಿರುಚಿದೆ.

ಕಾಶಿಬಾಯಿ ಓಡಿ ಬಂದಳು. "ಯಾಕ್ರಿ, ಏನಾತ್ರಿ? ಎಂಟ ದಿನ ಬ್ಯಾನಿಗಿ ಒದ್ದಾಡ್ಯಾಳ. ಔರಾದದ ಡಾಕ್ಟರ ಹೊಸ ಗುಳಗಿ ಕೊಟ್ರು, ಗಡದ್ದ ನಿದ್ದಿ ಹತ್ತಿತು. ಖುಷಿಲೆ ಫೋನ ಹಚ್ಚಿದೆ. ನಾ ಏನ ತಪ್ಪ ಅಂದೆ?"

ದೊಡ್ಡವ್ವ ನೆಲದ ಮೇಲಿನ ಸೀರೆ ನೋಡಿದಳು, ನಮ್ಮ ಮುಖ ನೋಡಿದಳು. ಕೆಮ್ಮು ಬರುವ ತನಕ ನಕ್ಕಳು. ಆಮೇಲೆ ನಗು ನಿಂತಿತು.

"ನಿದ್ದಿ ಹೋಗ್ಯಾಳ ಅಂದ್ರ, ಎದ್ದಾಳು ಅಂತ ಒಬ್ಬಾಕಿಗರೆ ಅನಿಸ್ಲಿಲ್ಲೇನ? ಇಷ್ಟ ವರ್ಷ ನಾ ಕಲಿಸಿದ್ದು ಬರೇ ಮಾತೇನ?"

ಸತ್ತವರು ಮತ್ತೆ ಏಳುವ ಪುನರುತ್ಥಾನವನ್ನು ನಂಬುತ್ತೇನೆಂದು ಭಾನುವಾರ ಭಾನುವಾರ ಗಟ್ಟಿಯಾಗಿ ಹೇಳುವವಳು ನಾನು. ಬೀದರಿನಿಂದ ಇಲ್ಲಿಯ ತನಕ ಅದು ಒಮ್ಮೆಯೂ ನೆನಪಾಗಿರಲಿಲ್ಲ. ಅವಳ ಕಾಲು ಹಿಡಿದು, "ಕ್ರಿಸ್ಮಸ್ಸಿಗಿ ಬರ್ಲಿಲ್ಲ, ತಪ್ಪಾತವ್ವಾ," ಎಂದೆ. ಕಾಲು ಎಲುಬಷ್ಟೇ ಆಗಿತ್ತು.

"ಹೆಣ ನೋಡ್ಲಾಕರೆ ಬಂದಿಯಲ್ಲ, ಸಾಕೇಳು," ಎಂದು ತಲೆ ಸವರಿದಳು. "ಗಡ್ಡಿ ಕರಗಂಗಿಲ್ಲ, ನನಗ ಗೊತ್ತದ. ಖರೇನೇ ನಿದ್ದಿ ಹೋದ ದಿನಾನೂ ಬಾ. ಅಳು, ಬ್ಯಾಡ ಅನ್ನಂಗಿಲ್ಲ. ಆದ್ರ ಇವತ್ತಿಂದು ಮರೀಬ್ಯಾಡ." ಸೀರೆಯನ್ನು ಎತ್ತಿಸಿಕೊಂಡು, "ಛಲೋ ಅದ. ಇಟ್ಟು ಏನ ಮಾಡೂದು, ಈಗೇ ಉಡಸ್ರಿ," ಎಂದಳು.

ಉಡಿಸಿದೆವು. ರೊಟ್ಟಿ, ಪುಂಡಿಪಲ್ಯೆ ಉಂಡೆವು. ನಾಲ್ಕು ಗಂಟೆಗೆ ಆಟೋದಲ್ಲಿ ಕೂತಾಗ ಕಾಶಿಬಾಯಿ ಹೊರಗೆ ಬಂದಳು. "ದೊಡ್ಡವ್ವ ಮತ್ತ ನಿ..." ಎಂದು ನಾಲಿಗೆ ಕಚ್ಚಿಕೊಂಡಳು. ವಿಚಾರ ಮಾಡಿ, "ಕಣ್ಣ ಮುಚ್ಯಾಳ್ರಿ," ಎಂದಳು.

ಆಟೋದಿಂದ ಇಳಿದು ಓಡಿದೆ. ಹೊಸ್ತಿಲಲ್ಲಿ ನಿಂತು ನೋಡಿದೆ. ಬಿಳಿ ಸೀರೆಯ ಸೆರಗು ಎದೆಯ ಮೇಲೆ ಏಳುತ್ತಿತ್ತು, ಇಳಿಯುತ್ತಿತ್ತು. ಮತ್ತೆ ಏಳುವ ತನಕ ಪ್ರತಿ ಸಲವೂ ಕಾದೆ.