ಸಾಲು ತಿರುಗುವ ಮಾತು

ಹುಣಸೂರಿನಿಂದ ಗುರುಪುರದ ಕಡೆಗೆ ಹೋಗುವ ಗಾಡಿದಾರಿಯ ಪಕ್ಕದಲ್ಲಿ, ಮಹಾರಾಜರ ಕಾಲದಲ್ಲಿ, ಹೊನ್ನೆಕೊಪ್ಪಲು ಎಂಬ ಪುಟ್ಟ ಊರಿತ್ತು. ಅಲ್ಲಿ ಕೆಲವು ಎತ್ತುಗಳು ಇಂಗ್ಲಿಷಿಗೆ ಮಾತ್ರ ತಿರುಗುತ್ತಿದ್ದವು. ನೇಗಿಲು ಹೊಲದ ಬದು ಮುಟ್ಟಿದೊಡನೆ ಉಳುವವನು ‘ಐ ನೌ ಟರ್ನ್ ಟು’ ಎನ್ನಬೇಕು; ಅಲ್ಲಿಯವರೆಗೆ ಅವು ಕಿವಿಯಾಡಿಸುತ್ತ ನಿಂತೇ ಇರುತ್ತಿದ್ದವು. ನೆಂಟರು ಬಂದರೆ ನಗುತ್ತಿದ್ದರು. ಊರಿನವರು ಮಾತ್ರ ನಗುತ್ತಿರಲಿಲ್ಲ, ಏಕೆಂದರೆ ಆ ಮಾತಿಗೂ ಅವರ ಗದ್ದೆಯ ನೀರಿಗೂ ಸಂಬಂಧವಿದೆಯೆಂದು ಅವರು ನಂಬಿದ್ದರು.

ಆ ಮಾತನ್ನು ಊರಿಗೆ ತಂದವನು ಅಣ್ಣಯ್ಯ. ಹುಣಸೂರಿನ ಸ್ಕೂಲಿನಲ್ಲಿ ಒಂದಷ್ಟು ಇಂಗ್ಲಿಷ್ ಕಲಿತಿದ್ದವನು, ಅಪ್ಪ ತೀರಿಕೊಂಡಾಗ ಸ್ಲೇಟು ಬಿಟ್ಟು ನೇಗಿಲ ಮೇಳಿ ಹಿಡಿದಿದ್ದ. ಅಕ್ಷರಗಳು ಮಸುಕಾಗಿದ್ದರೂ, ಊರಿನಲ್ಲಿ ಇಂಗ್ಲಿಷ್ ಬಲ್ಲವನೆಂಬ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಮೂವತ್ತರ ದಶಕದ ಒಂದು ಬೇಸಿಗೆಯ ಕೊನೆಯಲ್ಲಿ ಆ ಹೆಸರೇ ಅವನ ಕೊರಳಿಗೆ ಬಿತ್ತು. ಕೊಪ್ಪಲಿನ ಕೆರೆಯ ತೂಬಿನ ಕಲ್ಲು ಸೀಳಿಹೋಗಿ, ತುಂಬಿದ ನೀರು ಪೈರು ಬಲಿಯುವ ಮೊದಲೇ ಹರಿದು ಹೋಗುತ್ತಿತ್ತು. ಹೆಂಗಸರು ದಿನಾ ಬೆಳಗ್ಗೆ ಹುಲ್ಲು, ಜೇಡಿಮಣ್ಣು ಮೆತ್ತಿ ಅದರ ಬಾಯಿ ಕಟ್ಟುತ್ತಿದ್ದರು. ಸಂಜೆಗೆ ನೀರು ಅದನ್ನು ಉಗಿಯುತ್ತಿತ್ತು. ಯಾವ ಕೆರೆಯನ್ನು ದುರಸ್ತಿ ಮಾಡಬೇಕು, ಯಾವುದನ್ನು ಕೈಬಿಡಬೇಕು ಎಂದು ತೀರ್ಮಾನಿಸಲು ಕನ್ನಡ ಬಾರದ ಎಂಜಿನಿಯರ್ ದೊರೆಯೊಬ್ಬರು ಬರುವರೆಂದು ಸುದ್ದಿ ಬಂತು.

ಊರ ಯಜಮಾನ ದೊಡ್ಡಮಾದಯ್ಯ ಅಣ್ಣಯ್ಯನನ್ನು ಜಗಲಿಗೆ ಕರೆಸಿದ. “ಓದ್ ಸಲ ಬಂದಿದ್ದ ಸಾಯೇಬ್ರಿಗೆ ನಾವು ಮಾರುದ್ದ ಏಳಿದ್ದನ್ನ ಆ ಗುಮಾಸ್ತ ಗೇಣುದ್ದ ಮಾಡಿ ಏಳ್ದ. ಈ ಸಲ ನಮ್ ಬಾಯಲ್ಲೇ ಓಗ್ಲಿ. ನೀನೇ ಏಳ್ಬೇಕು ಕಣ್ಲಾ.”

“ನಂಗೆ ಬರಾದು ಎ ಬಿ ಸಿ ಡಿ ಅಷ್ಟೇ ಕಣಣ್ಣೋ!”

“ಕೆರೆ ಓದ್ಮೇಲೆ ಅದ್ನೂ ಮರ್ತ್ಬುಡುವಂತೆ. ಈಗ ಏಳು.”

ಅಣ್ಣಯ್ಯ ಹುಣಸೂರಿಗೆ ನಡೆದು, ತನಗೆ ಪಾಠ ಹೇಳಿದ್ದ ವೀರಭದ್ರಸ್ವಾಮಿ ಮೇಷ್ಟ್ರ ಬಾಗಿಲಲ್ಲಿ ನಿಂತ. ಮೇಷ್ಟ್ರಿಗೆ ಸಭೆಯ ಇಂಗ್ಲಿಷ್ ಎಂದರೆ ಪ್ರಾಣ. ಶಿಷ್ಯನಿಗೆ ಹಿಡಿಸಲೆಂದು ಅವರು ಅದನ್ನು ಹೊಲಕ್ಕೆ ಇಳಿಸಿದರು.

“ಸಭೆಯಲ್ಲಿ ಮಾತಾಡೋದು ಅಂದ್ರೆ ಹೊಲ ಉತ್ತ ಹಾಗೇ ಕಣಯ್ಯ. ಮೊದಲು ಅಪ್ಪಣೆ ಕೇಳಿ ನೇಗಿಲು ಊರು: ವಿತ್ ಯುವರ್ ಕೈಂಡ್ ಪರ್ಮಿಷನ್, ಸರ್. ಒಂದು ವಿಷಯ ಮುಗೀತು ಅಂದ್ರೆ ಒಂದು ಸಾಲು ಮುಗೀತು. ಆಗ ತಿರುಗಬೇಕು: ಐ ನೌ ಟರ್ನ್ ಟು, ಇಂಥಾದ್ದು. ನೊಗ ಇಳಿಸೋ ಹೊತ್ತಿಗೆ ಇನ್ ಕನ್‌ಕ್ಲೂಷನ್. ಕಟ್ಟಕಡೆಗೆ, ಥ್ಯಾಂಕ್ ಯೂ ಫಾರ್ ಯುವರ್ ಪೇಷಂಟ್ ಹಿಯರಿಂಗ್.”

“ಪೇಷಂಟ್ ಅಂದ್ರೆ ಆಸ್ಪತ್ರೇಲಿ ಮಲಗಿರೋರಲ್ವಾ ಮೇಷ್ಟ್ರೇ?”

“ಇದು ಬೇರೆ ಪೇಷಂಟ್. ತಾಳ್ಮೆಯಿಂದ ಕೇಳಿದ್ರಿ, ಉಪಕಾರ ಆಯ್ತು ಅಂತ.”

“ನಮ್ ಇಂಗ್ಲಿಸ್ ಕೇಳ್ದೋರು ಆಸ್ಪತ್ರೆಗೇ ಓಗ್ಬೌದು ಬುಡಿ,” ಎಂದ ಅಣ್ಣಯ್ಯ. ಮೇಷ್ಟ್ರು ನಕ್ಕು, ಊರು ಕೆರೆಗಳ ಬಗ್ಗೆಯೂ ನಾಲ್ಕು ಮಾತು ಸೇರಿಸಿ ಮತ್ತೊಮ್ಮೆ ಹೇಳಿಸಿದರು.

ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ಹದವಾಗಿತ್ತು. ಕೂತು ಬಾಯಿಪಾಠ ಮಾಡಲು ಅಣ್ಣಯ್ಯನಿಗೆ ಬಿಡುವಿರಲಿಲ್ಲ. ನೊಗ ಹೂಡುವಾಗ ಅಪ್ಪಣೆ ಕೇಳಿದ, ಬದು ಮುಟ್ಟಿದಾಗಲೆಲ್ಲ ‘ಐ ನೌ ಟರ್ನ್ ಟು’ ಎಂದು ಮೇಳಿ ಎತ್ತಿ ತಿರುಗಿದ, ಕೊರಳಹಗ್ಗ ಬಿಚ್ಚುವಾಗ ಕನ್‌ಕ್ಲೂಷನ್ ಮಾಡಿದ. ದಿನ ಕಳೆದಂತೆ ಮಾತು ನಾಲಗೆಯಿಂದ ಜಾರಿ ಕೈಕಾಲಿಗೆ ಸೇರಿಕೊಂಡಿತು. ಮುದ್ದೆ ತಂದ ಹೆಂಡತಿ ಸೋಮಮ್ಮ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಎತ್ಗೊಳ್ಗೆ ಇಂಗ್ಲಿಸ್ ಕಲುಸ್ತಿದ್ದೀರಾ? ನಾಳೆ ಅವೂ ಉಲ್ಲು ಬ್ಯಾಡ, ಬಿಸ್ಕತ್ತು ಕೊಡಿ ಅಂದಾವು!”

“ನಿನ್ಗಿಂತ ಬ್ಯಾಗ ಕಲ್ತವೆ ಕಣೆ.”

“ಕಲೀಲಿ. ನಮ್ ಕೆರೆ ಉಳೀತದೋ ಇಲ್ವೋ, ಅದ್ನ ಏಳೋಕೆ ಅವನ್ನೇ ಕರ್ಕಂಡೋಗಿ.”

ದೊರೆ ಬಂದ ದಿನ ಹೊಂಗೆಮರದ ನೆರಳಿನಲ್ಲಿ ಕೆರೆಗೆ ಮುಖ ಮಾಡಿ ಕುರ್ಚಿ ಹಾಕಿದ್ದರು. ಆದರೆ ದೊರೆಯನ್ನು ನೋಡಲು ಬಂದ ಊರೇ ಅಣ್ಣಯ್ಯನ ಬೆನ್ನ ಹಿಂದೆ ಗೋಡೆಯಂತೆ ನೆರೆದು ಕೆರೆಯನ್ನು ಮುಚ್ಚಿ ನಿಂತಿತ್ತು. ಸೋಮಮ್ಮ ಮತ್ತು ಇನ್ನು ಕೆಲವು ಹೆಂಗಸರು ಮಾತ್ರ ಅಲ್ಲಿರಲಿಲ್ಲ. ತೂಬು ಯಾರ ದಾರಿಯನ್ನೂ ಕಾಯುವಂಥದಲ್ಲ.

ಅಣ್ಣಯ್ಯ ಅಪ್ಪಣೆ ಕೇಳಿದ. ದೊರೆ ತಲೆಯಾಡಿಸಿದರು. ‘ಐ ಶಲ್ ಬಿಗಿನ್ ವಿತ್ ದಿ ವಿಲೇಜ್’ ಎಂದು ಮನೆ, ದನಕರು, ಗದ್ದೆಗಳ ವಿಷಯವನ್ನು ಒಪ್ಪಿಸಿದ. ದೊರೆ ಜೇಬಿನ ಗಡಿಯಾರ ತೆಗೆದು ನೋಡಿಕೊಂಡರು. ಮೊದಲ ಸಾಲು ಮುಗಿದಿತ್ತು. “ಐ ನೌ ಟರ್ನ್ ಟು ದಿ ಟ್ಯಾಂಕ್,” ಎಂದ. ಎಂದವನೇ ಇಲ್ಲದ ಮೇಳಿಯನ್ನು ಎತ್ತಿ, ಗಿರ್ರನೆ ತಿರುಗಿ ನಿಂತುಬಿಟ್ಟ.

“ಲೇ! ದೊರೆಗೆ ಬೆನ್ನು ತೋರಿಸ್ತೀಯೇನೋ!” ದೊರೆಯ ಜೊತೆ ಬಂದಿದ್ದ ಗುಮಾಸ್ತ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅಣ್ಣಯ್ಯ ಮರಳಿ ತಿರುಗಬೇಕೆಂದರೆ ಇನ್ನೊಂದು ಸಾಲು ಮುಗಿಯಬೇಕು, ಆ ಸಾಲಿನ ಒಂದು ಮಾತೂ ನೆನಪಿಗೆ ಬರಲೊಲ್ಲದು. ಅವನು ತಮ್ಮತ್ತಲೇ ನುಗ್ಗಿ ಬರುತ್ತಾನೆಂದು ಬಗೆದ ಜನ, ಉಳುವ ಎತ್ತಿಗೆ ದಾರಿ ಬಿಡುವಂತೆ ಎರಡೂ ಬದಿಗೆ ಸರಿದರು. ನಡುವೆ ಕೆರೆ ತೆರೆದುಕೊಂಡಿತು. ಏರಿಯ ಕೆಳಗೆ ಮೊಣಕಾಲುದ್ದ ಕೆಸರಿನಲ್ಲಿ ಹೆಂಗಸರು ಹುಲ್ಲು ತುರುಕುತ್ತಿದ್ದರು. ನೀರು ಅದನ್ನು ಅವರ ಕಣ್ಣೆದುರೇ ಹೊರಗೆ ತಳ್ಳುತ್ತಿತ್ತು.

ದೊರೆ ಎದ್ದು, ಅಣ್ಣಯ್ಯನನ್ನು ದಾಟಿ ನಡೆದರು. ತೂಬಿನ ಬಳಿ ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತೊಡನೆ ನೀರು ಚಿಮ್ಮಿ ಬೂಟು ನೆನೆಯಿತು. “ಎವ್ರಿ ಡೇ?” ಎಂದರು.

“ಎವ್ರಿ ಡೇ, ಸರ್,” ಎಂದ ಅಣ್ಣಯ್ಯ. ಅಂದು ಅವನಾಡಿದ್ದರಲ್ಲಿ ಮೇಷ್ಟ್ರು ಕಲಿಸದ ಮಾತು ಅದೊಂದೇ.

ದೊರೆ ಅಲ್ಲಿಂದಲೇ ಕುದುರೆ ಹತ್ತಿದರು. ಉಳಿದ ಭಾಷಣವನ್ನು ಯಾರೂ ಕೇಳಲಿಲ್ಲ. ತಾನು ಬೆನ್ನು ತೋರಿಸಿ ಊರಿನ ಕೆರೆಯನ್ನೇ ಕಳೆದೆನೆಂದು ಅಣ್ಣಯ್ಯ ಉಂಡ ಅನ್ನ ಮೈಗೆ ಹತ್ತದೆ ಸೊರಗಿದ. ಹುಣಸೂರಿನ ಸಂತೆಯಲ್ಲಿ ಸಿಕ್ಕ ಮೇಷ್ಟ್ರು ಹಣೆ ಚಚ್ಚಿಕೊಂಡರು.

“ಅದು ಬಾಯಲ್ಲಿ ತಿರುಗೋದು ಕಣಯ್ಯ, ಮೈಯಲ್ಲಲ್ಲ!”

“ಬಾಯಲ್ಲಿ ತಿರುಗಿದ್ರೆ ಜನ ದಾರಿ ಬುಡ್ತಿದ್ರಾ ಮೇಷ್ಟ್ರೇ?”

ಮೇಷ್ಟ್ರು ಅವನ ಹೆಗಲ ಮೇಲೆ ಕೈಯಿಟ್ಟು ನಕ್ಕರು.

ಮರುವರ್ಷದ ಬೇಸಿಗೆಯಲ್ಲಿ ಕಲ್ಲುಕುಟಿಗರು ಬಂದು ಹೊಸ ತೂಬು ಕೂರಿಸಿದರು. ಉಳುವವರು ಕೆಲವರು ತಮ್ಮ ಎತ್ತುಗಳಿಗೂ ಆ ಮಾತನ್ನೇ ಕಲಿಸಿದರು; ಅಣ್ಣಯ್ಯ ತಿರುಗಿದ್ದರಿಂದಲೇ ತೂಬು ಬಂತೆಂದು ಕೊಪ್ಪಲು ಸಾರಿತು. ಹಾಗೆ ಹೇಳುವುದಕ್ಕೆ ಆಧಾರ ಸಾಲದು. ಆ ಬೇಸಿಗೆಯಲ್ಲಿ ಯಾರೂ ಭಾಷಣ ಮಾಡದ ಕೆರೆಗಳೂ ದುರಸ್ತಿಯಾದವು. ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣವಾಗುವುದಿಲ್ಲ. ಆದರೆ ನೆನೆದ ಆ ಬೂಟನ್ನು ಲೆಕ್ಕದಿಂದ ಬಿಡಲು ಮನಸ್ಸು ಒಪ್ಪುವುದಿಲ್ಲ.

ಕೆರೆ ತುಂಬಿ ಹೊಸ ತೂಬನ್ನು ಮೊದಲ ಸಲ ಎತ್ತಿದ ದಿನ, ನೀರು ಕಾಲುವೆಗೆ ಇಳಿದು ಗದ್ದೆಯತ್ತ ಹೊರಟಿತು. ಊರು ಅದರ ಹಿಂದೆ ಓಡಿತು. ಅಣ್ಣಯ್ಯ ಏರಿಯ ಮೇಲೆ ನಿಂತು, ತಲೆಯ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು ಕೆರೆಗೆ ಮುಖ ಮಾಡಿದ.

“ಇನ್ ಕನ್‌ಕ್ಲೂಷನ್,” ಎಂದ. “ಥ್ಯಾಂಕ್ ಯೂ ಫಾರ್ ಯುವರ್ ಪೇಷಂಟ್ ಹಿಯರಿಂಗ್.”

“ಯಾರ್ಗೆ ಏಳ್ತಿದ್ದೀರಾ?” ಎಂದಳು ಪಕ್ಕದಲ್ಲಿದ್ದ ಸೋಮಮ್ಮ. ಆ ಹೊತ್ತಿನಲ್ಲಿ ಅವಳ ಕೈಗೆ ಜೇಡಿಮಣ್ಣು ಮೆತ್ತಿರಲಿಲ್ಲ.

“ಅವತ್ತು ಉಳ್ಕಂಡಿತ್ತು ಕಣೆ.”

“ಮುಗೀತಲ್ಲ,” ಎಂದಳು ಅವಳು. “ನೊಗ ಇಳ್ಸಿ ಬನ್ನಿ, ಮುದ್ದೆ ಆರೋಗ್ತದೆ.”