ಬರೋಬರಿ ಕೈ

ಹ್ಯಾಂಡಲ್ ತಿರುವಿ ಬಸ್ಸು ಎಬ್ಬಿಸುತ್ತಿದ್ದ ಕಾಲದಲ್ಲಿ ಇಳಕಲ್ಲಿಗೆಲ್ಲ ಬಸ್ಸು ರಿಪೇರಿಯ ಮಿಸ್ತ್ರಿ ಅವರೊಬ್ಬರೇ. ಗೇರ್‌ಬಾಕ್ಸಿಗೆ ಕೋಲಿನ ಒಂದು ತುದಿ ಊರಿ, ಇನ್ನೊಂದನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಆಲಿಸುತ್ತಿದ್ದರು. ಡ್ರೈವರುಗಳಾದ ನಮಗೆ ಕೊಡುವ ತೀರ್ಪು ಮಾತ್ರ ಯಾವಾಗಲೂ ಒಂದೇ: “ಗಾಡಿ ಬರೋಬರಿ ಐತ್ರಿ. ನಿಮ್ಮ ಕೈ ಬರೋಬರಿ ಇಲ್ಲ.”

ಅವರು ಗೇರ್‌ಬಾಕ್ಸು ಬಿಚ್ಚಿ ಜೋಡಿಸಿದ ಮೇಲೆ ನನ್ನ ಬಸ್ಸು ಗುಂಯ್‌ಗುಟ್ಟತೊಡಗಿತು. ಎರಡನೇ ಗೇರು ತಾನಾಗಿ ಜಾರುತ್ತಿತ್ತು. ಹೆಗಲ ಮೇಲಿನ ವಲ್ಲಿಯಿಂದ ಗೇರಿನ ಹಿಡಿಯನ್ನು ಸೀಟಿಗೆ ಬಿಗಿದು ಓಡಿಸಿದೆ. ಅದನ್ನು ಕಂಡ ಮಿಸ್ತ್ರಿ ಮುಖ ಗಂಟಿಕ್ಕಿ, ವಲ್ಲಿ ಬಿಚ್ಚಿ ನನ್ನ ಹೆಗಲಿಗೇ ಎಸೆದರು.

“ಅತ್ತಾಗ ಸರೀರಿ. ನಾ ಹೊಡೀತೇನಿ.”

ಎಡಗೈಯಿಂದ ಗೇರು ಅದುಮಿಕೊಂಡೇ ಅಮೀನಗಡದವರೆಗೆ ಬಂದರು. ಬೆವರು ಕಣ್ಣಿಗಿಳಿಯುತ್ತಿತ್ತು. ಅಲ್ಲಿ ಜನ ಹತ್ತುವಾಗ ಮೆಲ್ಲಗೆ ಕೇಳಿದರು: “ನಿಮ್ಮ ವಲ್ಲಿ ಕೊಡ್ರಿ.”

“ಮುಖ ಒರಸ್ಕೊಳ್ಳಾಕೇನ್ರಿ?”

“ಹೂಂ” ಎಂದವರು, ಅದನ್ನು ಗೇರಿಗೆ ಕಟ್ಟಿದರು.